ಆಟದಲ್ಲಿ ತಗಲುವ ಪೆಟ್ಟೂ ಆಯ್ಕೆಯಾಗುವ ಯೋಗ್ಯತೆಯೂ

ಪ್ರತಿ ವರುಷವೂ ಮಳೆಗಾಲವು ಮುಗಿಯುವಷ್ಟರೊಳಗೆ ನಮ್ಮ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ತಾಲೂಕುಗಳಲ್ಲಿ ಶಾಲಾ ಕ್ರೀಡಾಕೂಟಗಳು ನಡೆದು, ಅಲ್ಲಿ ಗೆದ್ದ ಬಾಲಿಕೆಯರು ಜಿಲ್ಲೆಗೂ, ಜಿಲ್ಲೆಯಿಂದ ಕಲಬುರಗಿ ವಿಭಾಗಕ್ಕೂ ಹೋಗುವದು ವಾಡಿಕೆಯಾಗಿರುತ್ತದೆ. ಈ ದಿನಗಳಲ್ಲಿ ಎರಡು ಪ್ರಶ್ನೆಗಳು ತಪ್ಪದೆ ನನ್ನ ಮೇಜಿನ ಮುಂದೆ ಬರುತ್ತವೆ. ಒಂದನ್ನು ತಂದೆತಾಯಿಗಳು ಕೇಳುತ್ತಾರೆ: ಹುಡುಗಿಯ ಕಾಲಿಗೆ ಒಮ್ಮೆ ಪೆಟ್ಟಾದ ಮೇಲೆ ಅವಳ ಆಟವು ಮುಗಿದಂತೆಯೇ ಅಲ್ಲವೇ? ಎರಡನೆಯದನ್ನು ಬಾಲಿಕೆಯು ಬಾಯಿಬಿಟ್ಟು ಕೇಳುವದಿಲ್ಲ. ಮುಖದಿಂದ ಕೇಳುತ್ತಾಳೆ: ನೋವಿದೆಯೆಂದು ಹೇಳಿದರೆ ನನ್ನ ಹೆಸರನ್ನು ತೆಗೆದುಹಾಕುವರೋ? ಈ ಎರಡು ಪ್ರಶ್ನೆಗಳಿಗೆ ಸಮಾಧಾನದ ಮಾತಿನಿಂದ ಉತ್ತರ ಕೊಡುವದು ಸುಲಭ. ಆದರೆ ಆಟಗಾರರ ಗಾಯವನ್ನು ಹಣವಿಟ್ಟು ತೂಗಿ ನೋಡುವ ಸ್ಥಳಗಳು ಲೋಕದಲ್ಲಿವೆ. ಅಲ್ಲಿ ಯಾವ ಗಾಯಕ್ಕೆ ಎಷ್ಟು ತೂಕ ಬರುತ್ತದೆ, ಯಾಕೆ ಬರುತ್ತದೆ ಎಂಬದನ್ನು ಅರಿತರೆ ನಮ್ಮ ಪ್ರಶ್ನೆಗಳಿಗೂ ನಿಜವಾದ ಉತ್ತರವು ಸಿಕ್ಕೀತೆಂದೆಣಿಸಿ ಈ ಲೇಖನವನ್ನು ಬರೆದಿರುತ್ತೇನೆ.

ಬಾಸ್ಕೆಟ್‌ಬಾಲ್ ಆಟವು ಮಿಶನ್ ಶಾಲೆಗಳಿಗೆ ಪರಕೀಯವಾದದ್ದಲ್ಲ. ಅಮೇರಿಕದ ಸ್ಪ್ರಿಂಗ್‌ಫೀಲ್ಡ್ ಎಂಬ ಊರಿನಲ್ಲಿದ್ದ ವೈ.ಎಂ.ಸಿ.ಎ. ಶಿಕ್ಷಣಶಾಲೆಯಲ್ಲಿ ಜೇಮ್ಸ್ ನೈಸ್ಮಿತ್ ಎಂಬ ಅಧ್ಯಾಪಕರು 1891ನೆಯ ಇಸವಿಯ ಡಿಸೆಂಬರದಲ್ಲಿ, ಹಣ್ಣು ತುಂಬುವ ಎರಡು ಬುಟ್ಟಿಗಳನ್ನು ಗೋಡೆಗೆ ಹೊಡೆದು ಇದನ್ನು ಆರಂಭಿಸಿದರು. ಅವರು ದೇವಶಾಸ್ತ್ರವನ್ನೂ ಓದಿದವರು. ಮರುವರುಷವೇ ಸೆಂಡಾ ಬೆರೆನ್‌ಸನ್ ಎಂಬ ಉಪಾಧ್ಯಾಯಿನಿಯು ಸ್ಮಿತ್ ಕಾಲೇಜಿನ ತರುಣಿಯರಿಗೆ ಈ ಆಟವನ್ನು ಕಲಿಸಿದಳು. ಹೀಗೆ ಪುರುಷರ ಆಟವಾಗಿ ಒಂದು ವರುಷವೂ ಸರಿಯಾಗಿ ಕಳೆಯುವ ಮೊದಲೇ ಅದು ಸ್ತ್ರೀಯರ ಆಟವೂ ಆಯಿತೆಂಬದನ್ನು ನಮ್ಮ ಬಾಲಿಕೆಯರು ನೆನಪಿಡಲಿ.

ಆ ದೇಶದಲ್ಲಿ ಕಾಲೇಜಿನ ಆಟಗಾರರು ವೃತ್ತಿಯ ತಂಡಗಳಿಗೆ ಸೇರುವ ಕ್ರಮಕ್ಕೆ ಡ್ರಾಫ್ಟ್ ಎಂದು ಹೆಸರು. ತಂಡಗಳವರು ಸರದಿಯ ಪ್ರಕಾರ ಒಬ್ಬೊಬ್ಬ ಹೊಸ ಆಟಗಾರನನ್ನು ಹೆಸರಿಸಿ ಆರಿಸಿಕೊಳ್ಳುತ್ತಾರೆ. ಹಿಂದಿನ ವರುಷ ಸೋತ ತಂಡಗಳಿಗೆ ಮುಂದಿನ ಸರದಿಗಳು ಸಿಗುವಂತೆ ಚೀಟಿ ಎತ್ತುವ ಏರ್ಪಾಡಿರುತ್ತದೆ. ಪುರುಷರ ಎನ್.ಬಿ.ಎ. ಕೂಟದಲ್ಲಿ 30 ತಂಡಗಳಿದ್ದು ಎರಡು ಸುತ್ತುಗಳ ಆಯ್ಕೆ ನಡೆಯುತ್ತದೆ. ಮೊದಲನೆಯ ಸುತ್ತಿನಲ್ಲಿ ಆರಿಸಲ್ಪಟ್ಟವನಿಗೆ ಮೊದಲ ಎರಡು ವರುಷಗಳ ವೇತನವು, ಅವನು ಆಡಲಿ ಬಿಡಲಿ, ಖಾತರಿಯಾಗಿ ಸಲ್ಲುತ್ತದೆ. ಸರದಿಯು ಹಿಂದಕ್ಕೆ ಹೋದಷ್ಟೂ ಮೊತ್ತವು ಇಳಿಯುತ್ತದೆ. ಎರಡನೆಯ ಸುತ್ತಿನವನಿಗೆ ಅಂಥ ಖಾತರಿ ಇರುವದಿಲ್ಲ. ಆದುದರಿಂದ ಗಾಯದ ಸಂಶಯದಿಂದ ಹತ್ತು ಸ್ಥಾನ ಕೆಳಗಿಳಿದನೆಂದರೆ ಅದು ಮಾನದ ಪ್ರಶ್ನೆ ಮಾತ್ರವಲ್ಲ, ಆ ಕುಟುಂಬದ ಅನ್ನದ ಪ್ರಶ್ನೆಯೂ ಆಗಿರುತ್ತದೆ. ತಂಡದವರಿಗೂ ಹಾಗೆಯೇ. ಆಡಲಾರದವನಿಗೆ ಎರಡು ವರುಷ ವೇತನ ಕೊಡುವದಲ್ಲದೆ, ಆ ಸರದಿಯಲ್ಲಿ ಸಿಗಬಹುದಾಗಿದ್ದ ಬೇರೊಬ್ಬನನ್ನು ಕಳೆದುಕೊಂಡ ನಷ್ಟವೂ ಅವರ ಪಾಲಿಗೆ ಉಳಿಯುತ್ತದೆ.

ನಮ್ಮ ಭಾಗದ ರೈತರು ಜಾತ್ರೆಯಲ್ಲಿ ಎತ್ತು ಕೊಳ್ಳುವಾಗ ಹಲ್ಲು ಎಣಿಸಿ, ಗೊರಸು ಎತ್ತಿ ನೋಡಿ, ನಾಲ್ಕು ಹೆಜ್ಜೆ ನಡೆಸಿ, ಸಾಧ್ಯವಾದರೆ ನೊಗಕ್ಕೆ ಹೂಡಿ ನೋಡುತ್ತಾರಷ್ಟೇ. ಮನುಷ್ಯರನ್ನು ದನಗಳಿಗೆ ಹೋಲಿಸುವದು ನನ್ನ ಮನಸ್ಸಿಗೆ ಒಗ್ಗದ ಮಾತು. ಆದರೂ ಹರಾಜು ಎಂಬ ಶಬ್ದವನ್ನು ಆಟದ ಲೋಕವು ತಾನಾಗಿಯೇ ತಂದುಕೊಂಡಿರುವಾಗ ಹೋಲಿಕೆಯ ತಪ್ಪು ನನ್ನದಲ್ಲ. ಡ್ರಾಫ್ಟಿಗೆ ಮೊದಲು ತಂಡಗಳ ವೈದ್ಯರು ಆಟಗಾರನ ಕೀಲುಗಳನ್ನು ತಿರುವಿ, ಹಳೆಯ ಶಸ್ತ್ರಚಿಕಿತ್ಸೆಗಳ ಕಾಗದಗಳನ್ನು ಓದಿ, ಒಳಗಿನ ಚಿತ್ರಗಳನ್ನು ತೆಗೆಯಿಸಿ ಪರೀಕ್ಷಿಸುತ್ತಾರೆ. ಮುಂಚೆ ಕೆಲವು ಆಟಗಾರರ ಪ್ರತಿನಿಧಿಗಳು ಈ ಕಾಗದಗಳನ್ನು ತಮಗೆ ಬೇಡವಾದ ತಂಡಗಳಿಂದ ಮುಚ್ಚಿಡುತ್ತಿದ್ದರು. 2023ರಲ್ಲಿ ಆದ ಒಪ್ಪಂದದ ಪ್ರಕಾರ, ಕರೆಯಲ್ಪಟ್ಟ ಆಟಗಾರರೆಲ್ಲರೂ 2024ರಿಂದ ಪರೀಕ್ಷಾಶಿಬಿರಕ್ಕೆ ಬಂದು ವೈದ್ಯಕೀಯ ವೃತ್ತಾಂತವನ್ನು ಒಪ್ಪಿಸಲೇಬೇಕೆಂದು ವಿಧಿಸಲ್ಪಟ್ಟಿತು. ತಕ್ಕ ಕಾರಣವಿಲ್ಲದೆ ನಿರಾಕರಿಸುವವನು ಆ ವರುಷದ ಆಯ್ಕೆಗೆ ಅನರ್ಹನಾಗುತ್ತಾನೆ.

ಈ ವೈದ್ಯರು ಕಂಡುಹಿಡಿಯಲಿಚ್ಛಿಸುವದು ಏನು? ಪೆಟ್ಟಾಗಿತ್ತೋ ಇಲ್ಲವೋ ಎಂಬದನ್ನಲ್ಲ. ಆಡುವವರಿಗೆಲ್ಲ ಪೆಟ್ಟಾಗುತ್ತದೆ. ಅದು ತಿರುಗಿ ಬರುವಂಥದೋ ಎಂಬದೇ ಅವರ ಮುಖ್ಯ ವಿಚಾರ. ಬಿದ್ದು ಮುರಿದ ಕೈಯೆಲುಬು ಕೂಡಿಕೊಂಡರೆ ಮೊದಲಿನಷ್ಟೇ ಗಟ್ಟಿಯಾಗುತ್ತದೆ. ಅದನ್ನು ಯಾರೂ ದೊಡ್ಡದಾಗಿ ಎಣಿಸುವದಿಲ್ಲ. ಬೀಳದೆಯೇ, ಮತ್ತೆ ಮತ್ತೆ ಭಾರ ಬಿದ್ದು ಎಲುಬಿನಲ್ಲಿ ಬಿರುಕು ಕಂಡರೆ ಸಂಶಯವು ಹೆಚ್ಚುತ್ತದೆ, ಯಾಕಂದರೆ ಆ ಭಾರವು ನಾಳೆಯೂ ಬೀಳುವದು. ಕೀಲುಗಳ ತುದಿಗೆ ಹೊದಿಸಿದಂತಿರುವ ಮೃದ್ವಸ್ಥಿಯು ಸವೆದಿದ್ದರೆ ಸಂಶಯವು ಇನ್ನೂ ಹೆಚ್ಚು. ಅದಕ್ಕೆ ರಕ್ತದ ಪೋಷಣೆಯಿಲ್ಲವಾದ್ದರಿಂದ ತಾನಾಗಿ ಸರಿಹೋಗುವ ಶಕ್ತಿಯು ಬಹಳ ಕಡಿಮೆ. ಒಂದೇ ಸ್ಥಳಕ್ಕೆ ಎರಡನೆಯ ಸಾರಿ ಪೆಟ್ಟಾದರೆ ಮೊದಲನೆಯದರ ಕಾರಣವು ಹಾಗೆಯೇ ಉಳಿದಿದೆಯೆಂದು ತರ್ಕಿಸುತ್ತಾರೆ.

ಇದಕ್ಕೆ ಪ್ರಸಿದ್ಧವಾದ ಉದಾಹರಣೆಯು 1984ರದು. ಸ್ಯಾಮ್ ಬೋವಿ ಎಂಬ ಎತ್ತರದ ತರುಣನು ಎಡಗಾಲಿನ ಮುಂಗಾಲೆಲುಬು ಮುರಿದು ಕಾಲೇಜಿನ ಎರಡು ವರುಷಗಳ ಆಟವನ್ನೇ ಕಳೆದುಕೊಂಡಿದ್ದನು. ಪೋರ್ಟ್‌ಲ್ಯಾಂಡ್ ತಂಡದವರು ಅವನನ್ನು ಕೂಲಂಕಷವಾಗಿ ಪರೀಕ್ಷಿಸಿ ಎರಡನೆಯ ಸರದಿಯಲ್ಲಿ ಆರಿಸಿದರು. ಮೂರನೆಯ ಸರದಿಯಲ್ಲಿ ಚಿಕಾಗೊ ತಂಡದ ಪಾಲಿಗೆ ಬಂದವನು ಮೈಕೆಲ್ ಜೋರ್ಡನ್. ಬೋವಿಯು ಪೋರ್ಟ್‌ಲ್ಯಾಂಡಿನಲ್ಲಿ ಐದು ಋತುಗಳಲ್ಲಿ ಆಡಿದ್ದು 139 ಪಂದ್ಯಗಳು ಮಾತ್ರ. ಪ್ರತಿ ಋತುವಿಗೆ 82 ಪಂದ್ಯಗಳಿರುತ್ತವೆ. ಪರೀಕ್ಷೆಯ ದಿವಸ ವೈದ್ಯರು ಕಾಲನ್ನು ತಟ್ಟಿ ನೋವುಂಟೋ ಎಂದು ಕೇಳಿದಾಗ, ನೋಯುತ್ತಿದ್ದರೂ ಇಲ್ಲವೆಂದು ಉತ್ತರ ಕೊಟ್ಟೆನೆಂದು 2012ರಲ್ಲಿ ತೆರೆಕಂಡ ಒಂದು ಚಿತ್ರದಲ್ಲಿ ಅವನೇ ಒಪ್ಪಿಕೊಂಡನು. ಜನರು ಈ ಕಥೆಯನ್ನು ಜೋರ್ಡನನ ಕಾರಣದಿಂದ ಹೇಳುತ್ತಾರೆ. ನನಗೆ ಮುಖ್ಯವಾಗಿ ತೋರುವದು ಆ ಒಂದು ಚಿಕ್ಕ ‘ಇಲ್ಲ’. ಆ ಉತ್ತರವು ಬೇರೆಯಾಗಿದ್ದರೆ ಅವನ ಸರದಿಯು ಕೆಳಗಿಳಿಯುತ್ತಿತ್ತು, ನಿಜ. ಆದರೆ ಆ ಕಾಲಿಗೆ ವಿಶ್ರಾಂತಿಯೂ ಸಿಗುತ್ತಿತ್ತೋ ಏನೋ.

ಪರೀಕ್ಷೆಯು ಎಲ್ಲವನ್ನೂ ಕಾಣುವದೆಂದೂ ತಿಳಿಯಬಾರದು. ಅದೇ ಪೋರ್ಟ್‌ಲ್ಯಾಂಡಿನವರು 2007ರಲ್ಲಿ ಗ್ರೆಗ್ ಓಡನ್ ಎಂಬವನನ್ನು ಎಲ್ಲರಿಗಿಂತ ಮೊದಲು ಆರಿಸಿದರು. ಅವನು ಒಂದು ಪಂದ್ಯವನ್ನಾಡುವ ಮೊದಲೇ ಬಲ ಮೊಣಕಾಲಿನ ಮೃದ್ವಸ್ಥಿಗೆ ಶಸ್ತ್ರಚಿಕಿತ್ಸೆಯಾಗಿ, ಇಡೀ ವೃತ್ತಿಜೀವನದಲ್ಲಿ 105 ಪಂದ್ಯಗಳಷ್ಟೇ ಅವನ ಪಾಲಿಗೆ ದೊರೆತವು. ಇದಕ್ಕೆ ವಿರುದ್ಧವಾಗಿ, ಡಿಜುವಾನ್ ಬ್ಲೇರ್ ಎಂಬವನ ಎರಡೂ ಮೊಣಕಾಲುಗಳಲ್ಲಿ ಕೀಲನ್ನು ಬಿಗಿದು ಹಿಡಿಯುವ ಮುಖ್ಯ ರಜ್ಜುವೇ ಇಲ್ಲವೆಂದು ತಿಳಿದುಬಂದು, 2009ರಲ್ಲಿ ಅವನು 37ನೆಯ ಸರದಿಯವರೆಗೆ ಇಳಿದನು. ಆದರೂ ಏಳು ಋತುಗಳ ವರೆಗೆ ಆ ಕೂಟದಲ್ಲಿ ಆಡಿದನು. ಮನುಷ್ಯನ ಮೊಣಕಾಲು ವೈದ್ಯನ ಕಾಗದವನ್ನು ಓದಿಕೊಂಡು ನಡೆಯುವದಿಲ್ಲ.

ಇವುಗಳ ನಡುವೆ ಜೋಯೆಲ್ ಎಂಬೀಡನ ಸಂಗತಿಯು ಹೆಚ್ಚು ಬೋಧಪ್ರದವಾದದ್ದು. ಕ್ಯಾಮರೂನ್ ದೇಶದ ಈ ತರುಣನು 2014ರಲ್ಲಿ ಮೊದಲನೆಯ ಸರದಿಗೆ ಸಲ್ಲುವವನೆಂದು ಬಹುಜನರು ನಂಬಿದ್ದರು. ಆಯ್ಕೆಗೆ ಕೆಲವೇ ದಿವಸಗಳ ಮುಂಚೆ ಅವನ ಬಲಪಾದದ ಒಂದು ಚಿಕ್ಕ ಎಲುಬಿನಲ್ಲಿ ಬಿರುಕು ಕಂಡು ಶಸ್ತ್ರಚಿಕಿತ್ಸೆಯಾಯಿತು. ಅವನು ಇಳಿದದ್ದು ಎರಡೇ ಸ್ಥಾನ. ಫಿಲಡೆಲ್ಫಿಯಾದವರು ಮೂರನೆಯವನಾಗಿ ಆರಿಸಿಕೊಂಡು, ಪೂರಾ ಎರಡು ಋತುಗಳ ವರೆಗೆ ಅಂಗಣಕ್ಕಿಳಿಸದೆ ಕಾದರು. 2023ರಲ್ಲಿ ಆ ಕೂಟದ ಅತ್ಯುತ್ತಮ ಆಟಗಾರನೆಂಬ ಬಿರುದು ಅವನಿಗೆ ಬಂತು. ಗಾಯವು ದೊಡ್ಡದಾಗಿತ್ತು, ಆದರೆ ಅದು ಎಲ್ಲರಿಗೂ ಗೊತ್ತಿದ್ದ ಗಾಯ. ಎಷ್ಟು ಕಾಲ ಕಾಯಬೇಕೆಂಬದನ್ನು ಲೆಕ್ಕ ಹಾಕಬಹುದಾಗಿತ್ತು, ಕಾಯುವ ಬಲವುಳ್ಳ ತಂಡವೊಂದು ಇತ್ತು. ಬೆಲೆಯನ್ನು ಬಹಳವಾಗಿ ಇಳಿಸುವದು ಗಾಯಕ್ಕಿಂತ ಅದರ ಕುರಿತಾದ ಕತ್ತಲೆ ಎಂಬದು ಇಲ್ಲಿ ಕಂಡುಬರುತ್ತದೆ.

ನಮ್ಮ ಬಾಲಿಕೆಯರಿಗೆ ಇವರೆಲ್ಲರಿಗಿಂತ ಹತ್ತಿರದವಳು ಪೇಜ್ ಬೆಕರ್ಸ್. ಕನೆಕ್ಟಿಕಟ್ ವಿಶ್ವವಿದ್ಯಾಲಯದ ಈ ಆಟಗಾರ್ತಿಯ ಮೊಣಕಾಲಿಗೆ 2021ರ ಡಿಸೆಂಬರದಲ್ಲಿ ಪೆಟ್ಟಾಗಿ, ಅದರಿಂದ ಚೇತರಿಸಿಕೊಂಡ ಮೇಲೆ 2022ರ ಆಗಸ್ಟಿನಲ್ಲಿ ಅದೇ ಎಡ ಮೊಣಕಾಲಿನ ಒಳರಜ್ಜು ಹರಿಯಿತು. ಇಡೀ ಒಂದು ಋತು ಅವಳು ಅಂಗಣದ ಹೊರಗೆ ಕುಳಿತಳು. ತರುವಾಯ ಹಿಂತಿರುಗಿ ಒಂದು ಋತುವನ್ನು ಪೂರ್ಣವಾಗಿ ಆಡಿ, 2024ರಲ್ಲಿಯೇ ವೃತ್ತಿಗೆ ಹೋಗಲು ಅವಕಾಶವಿದ್ದರೂ ಇನ್ನೊಂದು ವರುಷ ಕಾಲೇಜಿನಲ್ಲಿಯೇ ನಿಂತಳು. 2025ರ ಏಪ್ರಿಲದಲ್ಲಿ ಅವಳ ಕಾಲೇಜು ರಾಷ್ಟ್ರದ ಗೆಲವನ್ನು ಪಡೆಯಿತು. ಕೆಲವೇ ದಿವಸಗಳಲ್ಲಿ ಡಲ್ಲಾಸ್ ತಂಡದವರು ಅವಳನ್ನು ಎಲ್ಲರಿಗಿಂತ ಮೊದಲನೆಯವಳಾಗಿ ಆರಿಸಿದರು. ಅವಳ ಮೊಣಕಾಲಿನ ವೃತ್ತಾಂತವು ಯಾರಿಗೂ ಗುಟ್ಟಾಗಿರಲಿಲ್ಲ. ಗುಣವಾಯಿತೆಂದು ಅವಳು ಹೇಳಿಕೊಂಡದ್ದಲ್ಲ, ಎರಡು ಋತು ಆಡಿ ತೋರಿಸಿದ್ದು ಅವಳ ಸಾಕ್ಷಿಯಾಯಿತು.

ಕಡಲಾಚೆಯ ಮಾತು ಸಾಕು. ನಮ್ಮ ದೇಶದಲ್ಲಿ ಡ್ರಾಫ್ಟಿಗೆ ಸಮೀಪವಾದದ್ದು ಕ್ರಿಕೆಟಿನ ಹರಾಜು. ಬೆಂಗಳೂರಿನ ವೇಗದ ಬೌಲರ್ ಪ್ರಸಿದ್ಧ ಕೃಷ್ಣ ಅವರನ್ನು ರಾಜಸ್ಥಾನದ ತಂಡದವರು 2022ರಲ್ಲಿ 10 ಕೋಟಿ ರೂಪಾಯಿಗೆ ಪಡೆದರು. ಮುಂದೆ ಬೆನ್ನೆಲುಬಿನ ಬಿರುಕಿನಿಂದ 2023ರ ಐ.ಪಿ.ಎಲ್. ತಪ್ಪಿತು, 2024ರಲ್ಲಿ ತೊಡೆಯ ಸ್ನಾಯುವಿಗೆ ಶಸ್ತ್ರಚಿಕಿತ್ಸೆಯಾಗಿ ಆ ವರುಷವೂ ತಪ್ಪಿತು. ಎರಡು ವರುಷ ತನಗಾಗಿ ಒಂದು ಚೆಂಡನ್ನೂ ಎಸೆಯದವರನ್ನು ತಂಡವು ಬಿಟ್ಟುಕೊಟ್ಟದ್ದರಲ್ಲಿ ಆಶ್ಚರ್ಯವಿಲ್ಲ. ಆದರೆ 2024ರ ನವೆಂಬರದ ಹರಾಜಿನಲ್ಲಿ ಗುಜರಾತಿನ ತಂಡವು ಅವರಿಗೆ ಕೊಟ್ಟದ್ದು 9.5 ಕೋಟಿ. ಎರಡು ವರುಷಗಳ ಗಾಯವು ಇಳಿಸಿದ್ದು 50 ಲಕ್ಷ ಮಾತ್ರ! ಕಾರಣವೇನೆಂದರೆ, ಆ ಹರಾಜಿಗೆ ಮುಂಚೆಯೇ ಅವರು ಭಾರತದ ‘ಎ’ ತಂಡದೊಡನೆ ಆಸ್ಟ್ರೇಲಿಯಾಕ್ಕೆ ಹೋಗಿ ದೀರ್ಘ ಪಂದ್ಯಗಳಲ್ಲಿ ಬೌಲಿಂಗ್ ಮಾಡುತ್ತಿದ್ದರು. ಕೊಳ್ಳುವವರ ಕಣ್ಣಮುಂದೆಯೇ ಆ ಬೆನ್ನೂ ಆ ತೊಡೆಯೂ ಕೆಲಸಮಾಡಿ ತೋರಿಸಿದ್ದವು. ಮರುವರುಷ, ಎಂದರೆ 2025ರ ಐ.ಪಿ.ಎಲ್.ನಲ್ಲಿ, 25 ವಿಕೆಟ್‌ಗಳನ್ನು ಪಡೆದು ಬೌಲರುಗಳಲ್ಲಿ ಅವರೇ ಅಗ್ರಗಣ್ಯರಾದರು.

ಕರ್ನಾಟಕದ ಶ್ರೇಯಾಂಕಾ ಪಾಟೀಲರದು ಇನ್ನೊಂದು ಬಗೆ. ಮಹಿಳೆಯರ ಪ್ರೀಮಿಯರ್ ಲೀಗಿನ ಮೊದಲ ಹರಾಜಿನಲ್ಲಿ, 2023ರಲ್ಲಿ, ಬೆಂಗಳೂರಿನ ತಂಡದವರು ಈ ತರುಣಿಯನ್ನು 10 ಲಕ್ಷಕ್ಕೆ ಸೇರಿಸಿಕೊಂಡರು. 2024ರಲ್ಲಿ 13 ವಿಕೆಟ್ ಪಡೆದು ಆ ಕೂಟದ ಬೌಲರುಗಳಲ್ಲಿ ಮೊದಲಿಗರಾದರು. ಅಂತಿಮ ಪಂದ್ಯದಲ್ಲಿ 12 ರನ್ನಿಗೆ 4 ವಿಕೆಟ್. ಅದೇ ವರುಷದ ಜುಲೈಯಲ್ಲಿ ಏಷ್ಯಾ ಕಪ್ಪಿನಲ್ಲಿ ಬೆರಳು ಮುರಿಯಿತು. ಮುಂದೆ ಗಾಯಗಳ ದೆಸೆಯಿಂದ 2025ರ ಲೀಗು ಪೂರ್ತಿಯಾಗಿ ತಪ್ಪಿತು. ಆದರೂ ಮುಂದಿನ ಹರಾಜಿಗೆ ಮೊದಲು, 2025ರ ನವೆಂಬರದಲ್ಲಿ, ತಂಡದವರು ಉಳಿಸಿಕೊಂಡ ನಾಲ್ವರಲ್ಲಿ ಶ್ರೇಯಾಂಕಾ ಒಬ್ಬರು. ಗೊತ್ತುಪಡಿಸಿದ ಹಣವು 60 ಲಕ್ಷ. ಒಳಗಿನಿಂದ ಬಲ್ಲವರು ಹೊರಗಿನವರಿಗಿಂತ ಕಡಿಮೆ ಹೆದರುತ್ತಾರೆ ಎಂಬದು ಇದರಿಂದ ಸ್ಪಷ್ಟವಾಗುತ್ತದೆ. ಚಿಕಿತ್ಸೆಯ ದಿವಸಗಳಲ್ಲಿ ಸುದ್ದಿ ತಿಳಿಯುತ್ತಿದ್ದವರಿಗೆ ಆ ದೇಹವು ಕತ್ತಲೆಯ ಕೋಣೆಯಾಗಿರಲಿಲ್ಲ.

ಇನ್ನು ನಮ್ಮ ಅಂಗಳಕ್ಕೆ ಬರೋಣ. ನಮ್ಮ ನಾಲ್ಕು ತಾಲೂಕುಗಳ ಬಾಲಿಕೆಯರಿಗೆ ಕೋಟಿಯ ಹರಾಜು ದೂರದ ಮಾತು. ಅವರ ಮುಂದಿರುವ ಆಯ್ಕೆಗಳೆಂದರೆ ಜಿಲ್ಲೆಯ ತಂಡ, ವಿಭಾಗದ ತಂಡ, ಮತ್ತು ರಾಜ್ಯದ ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯವರು ನಡೆಸುವ ಕ್ರೀಡಾ ವಸತಿನಿಲಯಗಳು. ಅಲ್ಲಿ ಸೇರಿದವಳಿಗೆ ಊಟ, ವಸತಿ, ತರಬೇತಿ, ಓದು ಎಲ್ಲವೂ ದೊರೆಯುತ್ತವೆ. ಹೊಲದ ಕೂಲಿಯಿಂದ ಬದುಕುವ ಮನೆಗೆ ಇದು ಡ್ರಾಫ್ಟಿಗಿಂತ ಸಣ್ಣದೆಂದು ನಾನು ಹೇಳಲಾರೆನು. ಈ ಕಾರಣದಿಂದಲೇ ನೋವನ್ನು ಮುಚ್ಚಿಡುವ ಆಸೆಯು ಹುಟ್ಟುತ್ತದೆ. ವಿಭಾಗದ ಆಯ್ಕೆಗೆ ಹದಿನೈದು ದಿವಸ ಇರುವಾಗ ಬಾತ ಮೊಣಕಾಲಿಗೆ ಲಂಗದೊಳಗೆ ಬಟ್ಟೆ ಬಿಗಿದುಕೊಂಡು ಓಡಿದ ಬಾಲಿಕೆಯನ್ನು ನಾನು ಬಲ್ಲೆನು. ಆಯ್ಕೆಯೇನೋ ಆಯಿತು, ಮೊದಲ ಪಂದ್ಯದ ಅರ್ಧದಲ್ಲಿ ಜಿಗಿದು ಇಳಿಯುವಾಗ ಕಾಲು ಒಳಕ್ಕೆ ಹೊರಳಿತು. ಬಾವಿನೊಡನೆ ಆರಂಭವಾದದ್ದು ರಜ್ಜು ಹರಿಯುವದರಲ್ಲಿ ಮುಗಿಯಿತು.

ಆ ರಜ್ಜುವಿನ ವಿಷಯವನ್ನು ಬಾಲಿಕೆಯರೆಲ್ಲರೂ ತಿಳಿಯತಕ್ಕದ್ದು. ತೊಡೆಯೆಲುಬನ್ನೂ ಮುಂಗಾಲೆಲುಬನ್ನೂ ಮೊಣಕಾಲಿನೊಳಗೆ ಓರೆಯಾಗಿ ಬಿಗಿಯುವ ಈ ರಜ್ಜುವಿಗೆ ಆಟಗಾರರು ಎ.ಸಿ.ಎಲ್. ಎನ್ನುತ್ತಾರೆ. ಒಂದೇ ಆಟವನ್ನಾಡುವ ಹುಡುಗರಿಗಿಂತ ಹುಡುಗಿಯರಲ್ಲಿ ಇದು ಹರಿಯುವದು ಎರಡರಿಂದ ಎಂಟು ಪಾಲು ಹೆಚ್ಚೆಂದು ಪಂಡಿತರು ಕಂಡಿದ್ದಾರೆ. ಬಹಳ ಸಾರಿ ಯಾರೂ ತಳ್ಳಿರುವದಿಲ್ಲ; ಓಡುತ್ತಿದ್ದವಳು ಥಟ್ಟನೆ ತಿರುಗುವಾಗಲೋ, ಜಿಗಿದು ನೆಟ್ಟಗಿನ ಕಾಲಿನಿಂದ ಇಳಿಯುವಾಗಲೋ ಮೊಣಕಾಲು ಒಳಕ್ಕೆ ಬಾಗಿ ಹರಿಯುತ್ತದೆ. ‘ಟಪ್’ ಎಂಬ ಶಬ್ದವಾಯಿತೆಂದೂ ಕೆಲವೇ ತಾಸುಗಳಲ್ಲಿ ಬಾತಿತೆಂದೂ ಬಾಲಿಕೆಯು ಹೇಳಿದರೆ ಎಣ್ಣೆ ಹಚ್ಚಿ ತಿಕ್ಕುವದಕ್ಕೆ ಕೊಡಬೇಡಿರಿ. ಎಲುಬು ಕಟ್ಟುವವರ ಕೈಗುಣವನ್ನು ನಾನು ಹಳಿಯುವದಿಲ್ಲ. ಆದರೆ ಇಲ್ಲಿ ಹರಿದದ್ದು ಎಲುಬಲ್ಲ, ಮೇಲಿನಿಂದ ತಡವಿ ಎಳೆದರೆ ಅದು ಕೂಡುವದೂ ಇಲ್ಲ. ಕೊಪ್ಪಳದ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ ಆಸ್ಪತ್ರೆಗಾಗಲಿ, ರೈಲಿನಲ್ಲಿ ಹುಬ್ಬಳ್ಳಿಗಾಗಲಿ ಹೋಗಿ ಎಲುಬು ಕೀಲುಗಳ ವೈದ್ಯರಿಗೆ ತೋರಿಸುವದು ತಕ್ಕದ್ದು. ಶಸ್ತ್ರಚಿಕಿತ್ಸೆಯಾದ ಮೇಲೆ ಆಟಕ್ಕೆ ಹಿಂತಿರುಗಲು ಒಂಭತ್ತು ತಿಂಗಳಾದರೂ ಬೇಕು. ಅವಸರದಿಂದ ಮೊದಲೇ ಇಳಿದವರಲ್ಲಿ ಎರಡನೆಯ ಸಾರಿ ಹರಿಯುವದು ಹೆಚ್ಚು; ಕಾಲ ಕಾದರೂ ಎಳೆಯ ವಯಸ್ಸಿನವರಲ್ಲಿ ಸುಮಾರು ನಾಲ್ವರಿಗೆ ಒಬ್ಬರಂತೆ ಇದೇ ಕಾಲಿಗೋ ಆ ಕಾಲಿಗೋ ಮತ್ತೆ ಆಗುವದುಂಟು. ತಂಡದ ವೈದ್ಯರು ಇಷ್ಟೊಂದು ಪ್ರಶ್ನೆ ಕೇಳುವದು ಈ ಲೆಕ್ಕವನ್ನು ಬಲ್ಲವರಾದ್ದರಿಂದಲೇ.

ಸಂತೋಷದ ಸಂಗತಿಯೂ ಒಂದಿದೆ. ಆಟಕ್ಕೆ ಮುಂಚೆ ಹದಿನೈದು ಇಪ್ಪತ್ತು ನಿಮಿಷ ಮಂಡಿ ಬಾಗಿಸಿ ಇಳಿಯುವದನ್ನೂ, ಒಂಟಿಗಾಲಿನಲ್ಲಿ ತೂಕ ಹಿಡಿಯುವದನ್ನೂ, ತೊಡೆಯ ಹಿಂಭಾಗದ ಸ್ನಾಯುಗಳನ್ನು ಬಲಪಡಿಸುವದನ್ನೂ ನಿತ್ಯ ಅಭ್ಯಾಸ ಮಾಡಿಸಿದಲ್ಲಿ ಈ ಗಾಯಗಳು ಸುಮಾರು ಅರ್ಧಕ್ಕಿಳಿದಿವೆ. ಇದಕ್ಕೆ ಯಾವ ಯಂತ್ರವೂ ಬೇಡ, ರೊಕ್ಕವೂ ಬೇಡ. ಅಂಗಳದ ಕಡೆಗೆ ಮಾತ್ರ ಕಣ್ಣಿರಬೇಕು: ಬೇಸಿಗೆಯಲ್ಲಿ ನಮ್ಮ ಎರೆಭೂಮಿಯು ಬಿರಿದಾಗ ಆ ಬಿರುಕಿನಲ್ಲಿ ಪಾದ ಸಿಕ್ಕಿದರೆ ಯಾವ ಅಭ್ಯಾಸವೂ ಕಾಯಲಾರದು.

ಎಲುಬಿನಲ್ಲಿ ತಾನಾಗಿ ಬರುವ ಬಿರುಕಿಗೆ ಹುಡುಗಿಯರಲ್ಲಿ ಮತ್ತೊಂದು ಕಾರಣವುಂಟು; ಅದನ್ನು ಸಂಕೋಚದಿಂದ ಮುಚ್ಚಿಟ್ಟರೆ ಯಾರಿಗೂ ಹಿತವಿಲ್ಲ. ದುಡಿಮೆಗೆ ತಕ್ಕ ಆಹಾರವಿಲ್ಲದಿದ್ದರೆ ದೇಹವು ಮೊದಲು ತನ್ನ ತಿಂಗಳ ಕ್ರಮವನ್ನು ನಿಲ್ಲಿಸುತ್ತದೆ, ಅನಂತರ ಎಲುಬನ್ನು ಬಡವಾಗಿಸುತ್ತದೆ. ಮೂರು ತಿಂಗಳು ಮುಟ್ಟು ನಿಂತ ಆಟಗಾರ್ತಿಯು ಅದನ್ನು ಅನುಕೂಲವೆಂದೆಣಿಸದೆ ತಾಯಿಗಾಗಲಿ ಉಪಾಧ್ಯಾಯಿನಿಗಾಗಲಿ ಹೇಳಿ ವೈದ್ಯರ ಬಳಿಗೆ ಹೋಗಬೇಕು. 2019ರಿಂದ 2021ರ ವರೆಗಿನ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ಹದಿನೈದರಿಂದ ಹತ್ತೊಂಭತ್ತರ ವಯಸ್ಸಿನ ಹುಡುಗಿಯರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ರಕ್ತಹೀನತೆ ಇತ್ತು. ಬೆಳಿಗ್ಗೆ ಚಹದ ಮೇಲೆ ಬಂದು ಓಡುವ ಬಾಲಿಕೆಗೆ ಜೋಳದ ರೊಟ್ಟಿ, ಕಾಳಿನ ಪಲ್ಯ, ಶೇಂಗಾ, ಮೊಟ್ಟೆ ಇವು ಕೊಡುವ ಬಲವನ್ನು ಯಾವ ಪಟ್ಟಿಯೂ ಕೊಡದು.

ಆಯ್ಕೆಗೆ ಹೋಗುವ ಬಾಲಿಕೆಯ ಕೈಯಲ್ಲಿ ಇರಬೇಕಾದದ್ದು ಇಷ್ಟು: ಯಾವ ದಿವಸ, ಯಾವ ಕಾಲಿಗೆ, ಹೇಗೆ ಪೆಟ್ಟಾಯಿತೆಂಬ ಬರಹ, ಕ್ಷ-ಕಿರಣದ ಚಿತ್ರ, ಆಡಬಹುದೆಂದು ವೈದ್ಯರು ತಾರೀಖು ಹಾಕಿ ಕೊಟ್ಟ ಪತ್ರ, ಅದರ ತರುವಾಯ ಆಡಿದ ಪಂದ್ಯಗಳ ಲೆಕ್ಕ. ಇದನ್ನೆಲ್ಲ ನೋಡಿಯೂ ಆಯ್ಕೆಗಾರರು ಒಂದೊಂದು ಸಾರಿ ಬೇರೆಯವಳನ್ನೇ ಆರಿಸುವರು. ಹಾಗಾಗುವದೇ ಇಲ್ಲವೆಂದು ಮಾತು ಕೊಡುವದಕ್ಕೆ ಯಾರಿಂದಲೂ ಆಗದು. ವಸತಿನಿಲಯದ ಆಯ್ಕೆಗಳು ವರುಷಕ್ಕೊಮ್ಮೆ ಬರುತ್ತವೆ. ಹನ್ನೆರಡು ತಿಂಗಳು ಕಾದ ಮೊಣಕಾಲನ್ನು ಮುಂದಿನ ವರುಷ ಅವರ ಮುಂದೆ ಓಡಿಸಿ ತೋರಿಸಬಹುದು. ಈ ಶಾಲೆಯಲ್ಲಿ ಅಂಥ ಬರಹವನ್ನಿಡಲು ದೈಹಿಕ ಶಿಕ್ಷಣದ ಉಪಾಧ್ಯಾಯಿನಿಯವರ ಕಪಾಟಿನಲ್ಲಿ ಒಂದು ದಪ್ಪ ಪುಸ್ತಕವಿರುತ್ತದೆ. ಅದರಲ್ಲಿ ತಮ್ಮ ಮಗಳ ಪುಟವನ್ನು ಓದಲಿಚ್ಛಿಸುವ ತಂದೆತಾಯಿಗಳು ಶನಿವಾರ ಮಧ್ಯಾಹ್ನ ಬರಬಹುದು.